ರವದಿ ಸುಡುವವರ ಜೊತೆ ಮಾತಾಡಿದ್ದು: ನನ್ನ ಅನುಭವ

ಕಬ್ಬು ಕಡಿದು ಗಾಡಿ ಹೋದ ಮೇಲೆ ಹೊಲದಲ್ಲಿ ಉಳಿಯುವ ರವದಿಗೆ, ಅಂದರೆ ಕಬ್ಬಿನ ಒಣ ಎಲೆಗೆ, ಬೆಂಕಿ ಹಚ್ಚುವುದು ನಮ್ಮ ಜಮಖಂಡಿ ತಾಲ್ಲೂಕಿನ ಹೊಳೆದಂಡೆಯ ರೂಢಿ. ನಾನು ಸುಡುವುದಿಲ್ಲ. ಸಾಲಿನಲ್ಲೇ ಬಿಟ್ಟು ಕೊಳೆಸಿ, ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕುಳೆ ಬೆಳೆ ತೆಗೆಯುತ್ತೇನೆ. ಅಕ್ಕಪಕ್ಕದ ಹೊಲದವರನ್ನೂ ಇದಕ್ಕೆ ಒಪ್ಪಿಸಬೇಕು ಅಂತ ಹೊರಟೆ.

ಗ್ರೀಸಿನ ಅರಿಸ್ಟಾಟಲ್ 2,300 ವರ್ಷಗಳ ಹಿಂದೆಯೇ ಒಪ್ಪಿಸುವ ಮಾತಿಗೆ ಮೂರು ದಾರಿ ಹೇಳಿದ್ದಾನೆ. ಹೇಳುವವನ ಮೇಲಿನ ನಂಬಿಕೆ ಈಥೋಸ್. ಕೇಳುವವರ ಮನಸ್ಸನ್ನು ಮುಟ್ಟುವುದು ಪೇಥೋಸ್. ಮಾತಿನೊಳಗಿನ ಲೆಕ್ಕಾಚಾರ ಲೋಗೋಸ್. ಕಾಲೇಜಿನಲ್ಲಿ ಓದಿದ್ದ ಇದು ನನಗೆ ಹೊಲದ ಬದುವಿನಲ್ಲಿ ಕೆಲಸಕ್ಕೆ ಬಂತು.

ನಂಬಿಕೆ ಹುಟ್ಟಬೇಕಾದರೆ ಎದುರಿನವರ ತಕರಾರನ್ನು ಮೊದಲು ನಾವೇ ಹೇಳಬೇಕು. ರೈತರು ಸುಮ್ನೆ ಸುಡುವುದಿಲ್ಲ. ರವದಿಯಲ್ಲಿ ಇಲಿ ಸೇರುತ್ತವೆ, ಹಾವು ಬರುತ್ತವೆ. ಸಾಲಿನಲ್ಲಿ ನೀರು ಸರಾಗವಾಗಿ ಹರಿಯುವುದಿಲ್ಲ. ಕುಳೆ ಮೇಲೆ ದಪ್ಪಗೆ ಬಿದ್ದರೆ ಮೊಳಕೆ ಏಳುವುದಿಲ್ಲ. ಇದನ್ನೆಲ್ಲ ನಾನೇ ಮೊದಲು ಹೇಳುತ್ತಿದ್ದೆ. ಕುಳೆ ಮೇಲಿನದನ್ನು ಸರಿಸಬೇಕು, ಬೇಗ ಕೊಳೆಯಲು ಮೊದಲು ಸ್ವಲ್ಪ ಯೂರಿಯಾ ಹಾಕಬೇಕು, ಕೆಲಸ ಜಾಸ್ತಿ ಅಂತಲೂ ಹೇಳುತ್ತಿದ್ದೆ. ಆಗ ಜನ ಕುಳಿತು ಕೇಳುತ್ತಿದ್ದರು. ಬರೀ ಲಾಭ ಹೇಳುವವನನ್ನು ನಮ್ಮ ಕಡೆ ಏಜೆಂಟ್ ಅಂತಲೇ ತಿಳಿಯುತ್ತಾರೆ.

ಇನ್ನು ಲೆಕ್ಕ. ಎಕರೆಗೆ ಹೆಚ್ಚೂಕಡಿಮೆ 3–4 ಟನ್ ರವದಿ ಬೀಳುತ್ತದೆ. ಒಂದು ಟನ್ನಿನಲ್ಲಿ ಸುಮಾರು 4 ಕೆಜಿ ಸಾರಜನಕ. ಸುಟ್ಟರೆ ಅದರಲ್ಲಿ ಬಹುಪಾಲು ಹೊಗೆಯಲ್ಲಿ ಹೋಯಿತು. ಇದು ನಿಜವಾದ ಲೆಕ್ಕವೇ. ಆದರೆ ಅದೇ ಸಾರಜನಕ ಕೊಡುವ 45 ಕೆಜಿ ಯೂರಿಯಾ ಚೀಲಕ್ಕೆ 300 ರೂಪಾಯಿಯೂ ಇಲ್ಲ. ಒಂದು ಚೀಲವೂ ಉಳಿಯದ ಈ ಲೆಕ್ಕಕ್ಕೆ ಯಾರು ರೂಢಿ ಬಿಡುತ್ತಾರೆ? ಲೆಕ್ಕ ಸರಿ ಇದ್ದರೆ ಸಾಲದು, ಕೇಳುವವನ ಕಷ್ಟಕ್ಕೆ ತಾಗಬೇಕು. ನಮ್ಮವರ ಕಷ್ಟ ನೀರು ಬಿಡುವುದರಲ್ಲಿದೆ. ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಬೇಕು.

ಅರಿಸ್ಟಾಟಲ್ ಹೇಳಿದ ಇನ್ನೊಂದು ಉಪಾಯ ನನಗೆ ತುಂಬಾ ಹಿಡಿಸಿದೆ. ವಾದವನ್ನು ಪೂರ್ತಿ ಬಿಡಿಸಿ ಹೇಳಬಾರದು, ಒಂದು ಕೊಂಡಿಯನ್ನು ಕೇಳುವವರೇ ಸೇರಿಸಿಕೊಳ್ಳಲಿ ಅಂತ. ನಾನು ಕೊನೆಯ ಮಾತನ್ನೇ ಬಿಟ್ಟೆ. ಪಕ್ಕದ ಹೊಲದ ಹಿರಿಯರನ್ನು ನನ್ನ ಕುಳೆಗೆ ಕರೆದುಕೊಂಡು ಹೋದೆ.

"ಕಾಕಾ, ನೀವು ನೀರು ಬಿಟ್ಟ ದಿನಾನ ನಾನೂ ಬಿಟ್ಟೀನಿ. ರವದಿ ಸರಿಸಿ ಮಣ್ಣು ಮುಟ್ಟಿ ನೋಡ್ರಿ."

ಅವರು ತೇವ ಇನ್ನೂ ಆರದ ಆ ಮಣ್ಣು ಹಿಡಿದು ಉಂಡೆ ಮಾಡಿದರು. ತಮ್ಮ ಹೊಲದ ಕಡೆ ನೋಡಿದರು.

"ಅಂದ್ರ ನೀರಿನ ಒಂದು ಪಾಳಿ ತಡಾ ಆದ್ರೂ ನಡೀತೈತಿ ಅನ್ನು ತಮ್ಮಾ."

ನಾನು ಹೂಂ ಅಂದೆ, ಅಷ್ಟೇ. ಆಮೇಲೆ ಊರ ಕಟ್ಟೆಯ ಮೇಲೆ ಆ ಮಾತನ್ನು ನಾಲ್ಕು ಜನಕ್ಕೆ ಹೇಳಿದವರು ಅವರೇ. ತಾವೇ ಕಂಡುಕೊಂಡ ಮಾತನ್ನು ಯಾರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಅಲ್ವಾ?

ಮನಸ್ಸು ಮುಟ್ಟುವ ವಿಷಯದಲ್ಲಿ ನಾನು ಭಯವನ್ನು ಬಳಸಲಿಲ್ಲ. ಬೆಂಕಿ ಪಕ್ಕದ ಹೊಲಕ್ಕೆ ಹಾರುತ್ತದೆ, ಭೂಮಿ ಬರಡಾಗುತ್ತದೆ ಅಂತ ಹೆದರಿಸಬಹುದಿತ್ತು. ಪಾರಾಗುವ ಆಸೆ ಇದ್ದಾಗ ಮಾತ್ರ ಹೆದರಿದವನು ಯೋಚನೆ ಮಾಡುತ್ತಾನೆ ಅಂತ ಅರಿಸ್ಟಾಟಲ್ಲನೇ ಹೇಳಿದ್ದಾನೆ. ಮೊದಲೇ ಸಾಲ, ಬಿಲ್ಲಿನ ಚಿಂತೆಯಲ್ಲಿರುವವರಿಗೆ ಇನ್ನೊಂದು ಹೆದರಿಕೆ ಯಾಕೆ? ನಾನು ಹೆಮ್ಮೆಯನ್ನು ಹಿಡಿದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಚಿಕ್ಕಪಡಸಲಗಿ ಹತ್ತಿರ ಕೃಷ್ಣೆಗೆ ರೈತರೇ ದುಡ್ಡು ಹಾಕಿ, ಮೈಮುರಿದು ದುಡಿದು ಬ್ಯಾರೇಜ್ ಕಟ್ಟಿದರು. ಅದೇ ಶ್ರಮಬಿಂದು ಸಾಗರ. ಆಗ ಕಲ್ಲುಮಣ್ಣು ಹೊತ್ತವರು ನಮ್ಮ ಊರ ಕಟ್ಟೆಯ ಮೇಲೆ ಈಗಲೂ ಕೂರುತ್ತಾರೆ. "ಸರ್ಕಾರದ ದಾರಿ ಕಾಯದೇ ನೀರು ನಿಲ್ಲಿಸಿದವರು ನೀವು. ಆ ನೀರು ಹೊಲದಾಗ ನಿಲ್ಲಿಸೋದು ನಮ್ಮ ಪಾಲಿಗೆ ಬಂದೈತ್ರಿ" ಅಂದೆ. ಅವರ ಕಣ್ಣಲ್ಲಿ ಬಂದ ಹೊಳಪು ಯಾವ ಲೆಕ್ಕದಿಂದಲೂ ಬರುತ್ತಿರಲಿಲ್ಲ.

ಹೆಂಗಸರ ಜೊತೆ ನೀರಿನ ಮಾತೇ ಎತ್ತಲಿಲ್ಲ. ಕಸ, ಅಂದರೆ ಕಳೆ ತೆಗೆಯುವ ಕೆಲಸ ಅವರದು. ರವದಿ ಹೊದಿಸಿದ ಸಾಲಿನಲ್ಲಿ ಕಸ ಕಡಿಮೆ ಅನ್ನುವುದನ್ನು ನಮ್ಮ ಅವ್ವನೇ ಅವರಿಗೆ ಹೇಳಿದಳು. ವರ್ಷಗಟ್ಟಲೆ ಜೊತೆಗೆ ಬಗ್ಗಿ ಕಸ ತೆಗೆದವಳ ಮಾತು, ನಂಬಿದರು.

ಇಲಿಕಾಟ ಇರುವ ಕೆಲವರು ಇನ್ನೂ ಸುಡುತ್ತಾರೆ. ಅವರಿಗೆ ನಾನು ಒತ್ತಾಯ ಮಾಡುತ್ತಿಲ್ಲ. ಈ ಸಲ ಅರ್ಧ ಎಕರೆ ಮಾತ್ರ ಬಿಟ್ಟು ನೋಡ್ರಿ ಅಂತ ಕೇಳಿದ್ದೇನೆ. ರವದಿ ಪುಡಿ ಮಾಡುವ ಯಂತ್ರವನ್ನು ಬಾಡಿಗೆಗೆ ತರಿಸುವ ಮಾತೂ ನಡೆದಿದೆ.