ಅಲ್ಯೂಮಿನಿಯಂ ಮೇಲೆ ಎಪಾಕ್ಸಿ ಅಂಟು ಬಿಡದಂತೆ ಮಾಡಿದ್ದು: ನನ್ನ ಅನುಭವ

ಪೀಣ್ಯದ ನಮ್ಮ ಶೆಡ್‌ನಲ್ಲಿ ರಿವೆಟ್ ಬಿಟ್ಟು ಬರೀ ಎಪಾಕ್ಸಿಯಲ್ಲೇ (ಎರಡು ಭಾಗ ಬೆರೆಸಿ ಹಚ್ಚುವ ಅಂಟು) ಅಲ್ಯೂಮಿನಿಯಂ ಬಾಕ್ಸ್‌ಗೆ ಬ್ರಾಕೆಟ್ ಕೂರಿಸ್ತೀನಿ ಅಂದಾಗ ಯಾರೂ ಒಪ್ಪಲಿಲ್ಲ. ‘ಒಂದು ಮಳೆಗಾಲ ಕಳೀಲಿ, ನೋಡೋಣ’ ಅಂದರು. ಮೊದಲ ಸಲ ಅವರು ಹೇಳಿದ್ದೇ ಆಯಿತು. ಇನ್ನೂರು ಬಾಕ್ಸ್ ಕಳಿಸಿದ್ದೆ, ಮೂರು ತಿಂಗಳಲ್ಲಿ ಅರವತ್ತರಷ್ಟು ವಾಪಸ್. ನಲವತ್ತು ಸಾವಿರದ ಹತ್ತಿರ ಕೈ ಬಿಟ್ಟಿತು.

ಬಿದ್ದ ಬ್ರಾಕೆಟ್ ತಿರುಗಿಸಿ ನೋಡಿದೆ. ಅಂಟೆಲ್ಲ ಅದರ ಮೇಲೇ ಇತ್ತು. ಬಾಕ್ಸ್ ಕಡೆ ಲೋಹ ತೊಳೆದಿಟ್ಟ ತಟ್ಟೆ ಹಾಗೆ ಹೊಳೆಯುತ್ತಿತ್ತು. ಅಂಟು ಮುರಿದೇ ಇರಲಿಲ್ಲ, ಮೈ ಬಿಟ್ಟಿತ್ತು ಅಷ್ಟೇ. ಆದರೂ ನಾನು ಮಾಡಿದ್ದೇನು? ಎರಡರಷ್ಟು ರೇಟಿನ ಎಪಾಕ್ಸಿ ತಂದೆ. ಅದೂ ಹಾಗೇ ಬಿಟ್ಟಿತು.

ಆಮೇಲೆ 25 ಮಿಮೀ ಅಗಲದ ಅಲ್ಯೂಮಿನಿಯಂ ಪಟ್ಟಿಗಳ ತುದಿಗಳನ್ನು 12 ಮಿಮೀ ಒಂದರ ಮೇಲೊಂದು ಬರುವಂತೆ ಅಂಟಿಸಿ, ಭಾರ ಎತ್ತುವ ಚೈನ್ ಬ್ಲಾಕ್‌ಗೆ ತೂಕದ ಮಾಪಕ ಸಿಕ್ಕಿಸಿ ಎಳೆದೆ. ಥಿನ್ನರ್‌ನಲ್ಲಿ ಒರೆಸಿದ್ದು 150 ಕೆಜಿಗೇ ಕಿತ್ತಿತು. ಎಮೆರಿ ಪೇಪರ್ ಉಜ್ಜಿ ಅಸಿಟೋನ್ ಹಾಕಿ, ನೀರು ಹನಿಯಾಗದೆ ಪೂರ್ತಿ ಹರಡುವವರೆಗೆ ಒರೆಸಿದರೆ 300 ದಾಟಿತು. ಅದನ್ನೇ 60 ಡಿಗ್ರಿ ಬಿಸಿನೀರಲ್ಲಿ ಒಂದು ವಾರ ಇಟ್ಟರೆ ಮತ್ತೆ ಅರ್ಧಕ್ಕೆ ಇಳಿಯಿತು.

ಕೆಲಸ ಮಾಡಿದ್ದು ಇದು: ಅಂಟು ಹಚ್ಚಿ, ಆ ಅಂಟಿನೊಳಗೇ ಎಮೆರಿಯಿಂದ ಉಜ್ಜುವುದು. ಉಜ್ಜಿದ ಅಲ್ಯೂಮಿನಿಯಂ ಗಾಳಿ ತಾಗಿದ ಕ್ಷಣವೇ ಆಕ್ಸೈಡ್ ಹಿಡಿಯುತ್ತೆ ಅಲ್ವಾ? ಇಲ್ಲಿ ಗಾಳಿಗಿಂತ ಮೊದಲು ಅಂಟೇ ಮುಟ್ಟುತ್ತೆ. ‘ಪುಡಿ ಸೇರಿ ಹಾಳಾಗುತ್ತೆ’ ಅಂದರು. ಬೂದು ಬಣ್ಣವಾದ ಅಂಟನ್ನು ಒರೆಸಿ ಹೊಸದು ಹಚ್ಚಿದೆ. 450 ಕೆಜಿ! ಬಿಸಿನೀರಿನ ನಂತರವೂ 400ರ ಹತ್ತಿರ. ಕಿತ್ತ ಎರಡೂ ಪಟ್ಟಿಗಳ ಮೇಲೆ ಅಂಟು ಇತ್ತು, ಅಂದರೆ ಈ ಸಲ ಮೈ ಬಿಟ್ಟಿರಲಿಲ್ಲ, ಅಂಟೇ ಮುರಿದಿತ್ತು. ಅದನ್ನು ಶೆಡ್‌ನಲ್ಲಿ ಎಲ್ಲರಿಗೂ ತೋರಿಸಿದೆ.

ಯಾವ ನಂಬರಿನ ಪೇಪರ್, ಎಷ್ಟು ಹೊತ್ತು ಅಂತ ಹೇಳಲ್ಲ, ಅದು ನನ್ನ ಹೊಟ್ಟೆಪಾಡು. ಇನ್ನೊಂದು ಹೇಳ್ತೀನಿ. ಕ್ಲಾಂಪ್ ಜಾಸ್ತಿ ಬಿಗಿದರೆ ಅಂಟೆಲ್ಲ ಹೊರಗೆ ಬರುತ್ತೆ. ಮೀನು ಹಿಡಿಯುವ 0.2 ಮಿಮೀ ನೈಲಾನ್ ದಾರದ ತುಂಡು ಮಧ್ಯೆ ಇಡಿ, ದಪ್ಪ ಒಂದೇ ಸಮ ಬರುತ್ತೆ.

ಮಧ್ಯೆ ಸುಮ್ನೆ ಪ್ಲಾಸ್ಟಿಕ್ ಡಬ್ಬಿ ಮುಚ್ಚಳದಲ್ಲಿ ಅದೇ ಎಪಾಕ್ಸಿ ಸುರಿದು ನೋಡಿದೆ. ಮರುದಿನ ಬಿಲ್ಲೆ ಹಾಗೆ ಎದ್ದು ಬಂತು. ಮುಚ್ಚಳದ ಕಡೆ ಗಾಜಿನಂತೆ ಗಟ್ಟಿ. ಜುಲೈ ತಿಂಗಳ ತೇವಕ್ಕೆ ಗಾಳಿಯ ಕಡೆ ಮೇಣದ ಹಾಗೆ ಜಿಡ್ಡು, ಬಿಸಿನೀರಲ್ಲಿ ತೊಳೆದರೆ ಹೋಯಿತು. ಅಂದಿನಿಂದ ಮಳೆ ದಿನ ಎರಡನೇ ಕೋಟ್‌ಗೆ ಮೊದಲು ತೊಳೆಯದೆ ಮುಂದೆ ಹೋಗಲ್ಲ.

ಎರಡು ಮಳೆಗಾಲ ಕಳೆದಿದೆ, ಒಂದು ಬಾಕ್ಸೂ ವಾಪಸ್ ಬಂದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಇನ್ನೂ 250 ದಾಟುತ್ತಿಲ್ಲ. ಈಗ ಅದರ ಹಿಂದೆ ಬಿದ್ದಿದ್ದೇನೆ.