ಮಳೆಗಾಲದ ಸಂಜೆ, ಹಳೇ ಸಮುದ್ರದ ಚಿಪ್ಪು

ರೊಬಸ್ಟಾ ಕೊಯ್ಲು ಮುಗಿದು ಹೂಮಳೆ ಶುರುವಾಗುವ ಮುಂಚೆ ನನಗೆ ನಾಲ್ಕೈದು ದಿನ ಬಿಡುವು ಸಿಗುತ್ತದೆ. ಆಗ ಮಡಿಕೇರಿಯಿಂದ ತಮಿಳುನಾಡಿನ ಪೆರಂಬಲೂರು, ಅರಿಯಲೂರು ಕಡೆ ಹೋಗಿ ಮಣ್ಣು ತರುತ್ತೇನೆ. ಮೊದಲ ಸಲ ಆ ಚೀಲಗಳನ್ನು ಜಗಲಿಯಲ್ಲಿ ಇಳಿಸಿದಾಗ ಅಮ್ಮ ಕೇಳಿದರು: "ಅಷ್ಟು ದೂರ ಹೋಗಿ ಮಣ್ಣು ತಂದ್ಯಾ? ನಮ್ಮ ತೋಟದಲ್ಲಿ ಇಲ್ವಾ?"

ಮಣ್ಣು ಇದೆ, ಆದರೆ ನನಗೆ ಬೇಕಾದ ಹಳೇ ಸಮುದ್ರದ ಸಣ್ಣ ಚಿಪ್ಪುಗಳು ಅದರಲ್ಲಿಲ್ಲ. ಕೊಡಗಿನ ಬಂಡೆಗಳು ಹೆಚ್ಚಿನವು 300 ಕೋಟಿ ವರ್ಷಕ್ಕೂ ಹಳೆಯವು. ನೆಲದ ಆಳದಲ್ಲಿ ಬೆಂದು, ಒತ್ತಡಕ್ಕೆ ಸಿಕ್ಕಿ ರೂಪ ಬದಲಾದ ಕಲ್ಲು. ಚಿಪ್ಪಿರುವ ಪ್ರಾಣಿಗಳು ಹುಟ್ಟಿದ್ದು ಅದಾಗಿ ಎಷ್ಟೋ ಕಾಲದ ಮೇಲೆ. ಅರಿಯಲೂರಿನ ಕಡೆ ಹಾಗಲ್ಲ. ಕ್ರಿಟೇಶಿಯಸ್ ಕಾಲದಲ್ಲಿ, ಸುಮಾರು 11 ಕೋಟಿಯಿಂದ 6.6 ಕೋಟಿ ವರ್ಷದ ಹಿಂದಿನವರೆಗೆ, ಅಲ್ಲಿ ಸಮುದ್ರವಿತ್ತು. ಅದರ ತಳದ ಕೆಸರು ಈಗ ಪದರ ಪದರವಾಗಿ ನೆಲದ ಮೇಲೆ ಕಾಣುತ್ತದೆ. ಭೂವಿಜ್ಞಾನಿಗಳು ಆ ಪ್ರದೇಶವನ್ನು ಕರೆಯುವುದೇ ಕಾವೇರಿ ಬೇಸಿನ್ ಅಂತ. ನಮ್ಮ ತಲಕಾವೇರಿಯ ನೀರು ಅರಿಯಲೂರು ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ಕೊಳ್ಳಿಡಂ ಹೆಸರಲ್ಲಿ ಹರಿಯುತ್ತದೆ. ಇದನ್ನು ಹೇಳಿದ ಮೇಲೆ ಅಮ್ಮ ಚೀಲಗಳಿಗೆ ಜಗಲಿಯಲ್ಲೇ ಜಾಗ ಬಿಟ್ಟುಕೊಟ್ಟರು.

ಅಲ್ಲಿಗೆ ಹೋದವರು ಸಾಮಾನ್ಯವಾಗಿ ಹುಡುಕುವುದು ಅಮೋನೈಟ್‌ಗಳನ್ನು, ಅಂದರೆ ಅಳಿದುಹೋದ ಸಮುದ್ರಜೀವಿಗಳ ಸುರುಳಿ ಚಿಪ್ಪುಗಳನ್ನು. ನನಗೆ ಇಷ್ಟವಾದದ್ದು ಫೊರಾಮಿನಿಫೆರಾ. ಒಂದೇ ಜೀವಕೋಶದ ಜೀವಿ, ಬಹಳಷ್ಟು ಸಲ ಸುಣ್ಣದಿಂದ ಮನೆ ಕಟ್ಟಿಕೊಳ್ಳುತ್ತದೆ. ಬೆಳೆದಂತೆ ಕೋಣೆಗೆ ಕೋಣೆ ಸೇರಿಸುತ್ತಾ ಹೋಗುತ್ತದೆ. ಮರಳಿನ ಕಣದಷ್ಟು ಗಾತ್ರ. ಒಳ್ಳೆಯ ಪದರವಾದರೆ ಒಂದು ಹಿಡಿ ಮಣ್ಣಿನಲ್ಲಿ ನೂರಾರು ಸಿಗುತ್ತವೆ. ಹಾಗಾಗಿ ನೆಲವನ್ನು ಜಾಸ್ತಿ ಅಗೆಯುವ ಅಗತ್ಯವೇ ಇಲ್ಲ.

ನಾನು ಹೆಚ್ಚಾಗಿ ಹೋಗುವುದು ಕಾರೈ ಹಳ್ಳಿಯ ಹತ್ತಿರದ ಮಣ್ಣಿನ ಕೊರಕಲುಗಳಿಗೆ. ಜಾಗದವರನ್ನು ಕೇಳದೆ ಕೈ ಹಾಕುವುದಿಲ್ಲ. ಹತ್ತಿರದ ಸಾತನೂರಿನಲ್ಲಿ ಕಲ್ಲಾದ ದೊಡ್ಡ ಮರವಿದೆ. ಅದು ರಕ್ಷಿತ ಜಾಗ, ಅಲ್ಲಿ ನೋಡಿ ಬರುವುದಷ್ಟೇ. ಕೊರಕಲಿನಲ್ಲಿ ಮೇಲಿನ ಸಡಿಲ ಮಣ್ಣು ಬಿಟ್ಟು, ಒಂದು ಗೇಣು ಒಳಗಿಂದ 200 ಗ್ರಾಂ ತೆಗೆಯುತ್ತೇನೆ. ಒಂದು ಪದರಕ್ಕೆ ಒಂದು ಕವರ್. ಜಾಗ, ಕೆಳಗಿನಿಂದ ಎಷ್ಟು ಅಡಿ ಮೇಲೆ, ತಾರೀಖು, ಎಲ್ಲವನ್ನೂ ಅಲ್ಲೇ ನಿಂತು ಬರೆಯುತ್ತೇನೆ. ಯಾವ ಪದರದ್ದು ಅಂತ ಗೊತ್ತಿಲ್ಲದ ಮಣ್ಣನ್ನು ತೊಳೆಯಲು ನನಗೆ ಮನಸ್ಸೇ ಬರುವುದಿಲ್ಲ.

ತೊಳೆಯುವ ಕೆಲಸ ಬಿಸಿಲಿರುವಾಗಲೇ ಮುಗಿಯಬೇಕು. ಮಣ್ಣನ್ನು ಕಾಳುಮೆಣಸಿನ ಗಾತ್ರಕ್ಕೆ ಒಡೆದು, ತಟ್ಟೆಗೆ ಹಾಕಿ, ಮೇಲೆ ಬಟ್ಟೆ ಮುಚ್ಚಿ ಕಾಫಿ ಕಣದಲ್ಲಿ ಚೆನ್ನಾಗಿ ಒಣಗಿಸುತ್ತೇನೆ. ಪೂರ್ತಿ ಒಣಗಿದ ಜೇಡಿ ನೀರಿಗೆ ಬಿದ್ದ ತಕ್ಷಣ ತಾನೇ ಕುಸಿಯುತ್ತದೆ. ಅರೆಬರೆ ಒಣಗಿದ್ದು ಮುದ್ದೆಯಾಗಿಯೇ ಉಳಿಯುತ್ತದೆ. ಬಿಸಿನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ರಾತ್ರಿಯಿಡೀ ನೆನೆಸುತ್ತೇನೆ. ಬೆಳಿಗ್ಗೆ 63 ಮೈಕ್ರಾನ್ ಜರಡಿಯಲ್ಲಿ ಹಾಕಿ, ಸಣ್ಣಗೆ ನೀರು ಬಿಟ್ಟು ತೊಳೆಯುತ್ತೇನೆ. ಅಂದರೆ ಒಂದು ಮಿಲಿಮೀಟರನ್ನು 16 ಪಾಲು ಮಾಡಿದರೆ ಒಂದು ಪಾಲಿನಷ್ಟು ಸಣ್ಣ ಕಣ್ಣು. ಬೆರಳಿಂದ ಉಜ್ಜಿದರೆ ಚಿಪ್ಪು ಒಡೆಯುತ್ತದೆ, ನೀರೇ ಕೆಲಸ ಮಾಡಬೇಕು. ವಿನೆಗರ್, ನಿಂಬೆಹಣ್ಣು, ನಮ್ಮ ಕಾಚಂಪುಳಿ, ಯಾವ ಹುಳಿಯೂ ಹತ್ತಿರ ಬರಬಾರದು. ಸುಣ್ಣದ ಚಿಪ್ಪು ನೊರೆ ಬಂದು ಕರಗಿಹೋಗುತ್ತದೆ.

ಇನ್ನು ಜರಡಿಯ ವಿಷಯ. ಎರಡನೇ ವರ್ಷ ಕಾರೈನ ಮಾದರಿಯೊಂದರಲ್ಲಿ ರೋಟಾಲಿಪೋರ ಎಂಬ ಫೊರಾಮಿನಿಫೆರಾ ಸಿಕ್ಕಿತು. ಅಂಚಿನಲ್ಲಿ ಒಂದೇ ಏಣು, ಅಂದರೆ ಎದ್ದ ಗೆರೆ, ಇರುವ ಜಾತಿ, ಸುಮಾರು 9.4 ಕೋಟಿ ವರ್ಷದ ಹಿಂದೆ ಅಳಿದುಹೋದದ್ದು. ಅದೇ ತಟ್ಟೆಯಲ್ಲಿ ಗ್ಲೋಬೋಟ್ರಂಕಾನವೂ ಕಂಡಿತು. ಎರಡು ಏಣು ಸ್ಪಷ್ಟವಾಗಿದ್ದವು. ಅದು ಬಂದದ್ದು ರೋಟಾಲಿಪೋರ ಹೋದ ಮೇಲೆ. ಇಬ್ಬರೂ ಒಂದೇ ಪದರದಲ್ಲಿ ಇರುವಂತಿಲ್ಲ. ಮೂರು ರಾತ್ರಿ ಅದನ್ನೇ ತಿರುಗಿಸಿ ನೋಡಿದೆ. ಆಮೇಲೆ ಡೈರಿ ತೆಗೆದರೆ, ಹಿಂದಿನ ದಿನ ಅದೇ ಜರಡಿಯಲ್ಲಿ ಅರಿಯಲೂರಿನ ಮೇಲಿನ ಪದರದ ಮಣ್ಣು ತೊಳೆದಿದ್ದೆ. ಜರಡಿಯ ಕಣ್ಣಿಗೆ ಸಿಕ್ಕಿ ಉಳಿದ ಒಂದು ಚಿಪ್ಪು! ಆ ವರ್ಷದ ಪಟ್ಟಿಯನ್ನು ಪೂರ್ತಿ ಹೊಡೆದು ಹಾಕಿ, ಉಳಿದ ಮಣ್ಣಿನಿಂದ ಮತ್ತೆ ಶುರು ಮಾಡಿದೆ.

ಈಗ ಪ್ರತಿ ಸಲ ತೊಳೆದಾದ ಮೇಲೆ ಜರಡಿಯನ್ನು ಮೆಥಿಲೀನ್ ಬ್ಲೂ ನೀರಿನಲ್ಲಿ ಅದ್ದುತ್ತೇನೆ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಔಷಧಿ ಅಂತ ಮಾರುತ್ತಾರಲ್ಲ, ಅದೇ. ಜರಡಿಯಲ್ಲಿ ಉಳಿದ ಕಣಗಳೆಲ್ಲ ನೀಲಿಯಾಗುತ್ತವೆ. ಮುಂದಿನ ಮಾದರಿಯಲ್ಲಿ ನೀಲಿ ಚಿಪ್ಪು ಕಂಡರೆ ಅದು ಹಳೆಯದು ಅಂತ ಪಕ್ಕಕ್ಕೆ ಇಡುತ್ತೇನೆ.

ಆರಿಸುವುದು ಜೂನ್ ನಂತರದ ಸಂಜೆಗಳಲ್ಲಿ. ಮಳೆ ಹಿಡಿದರೆ ಕರೆಂಟ್ ಇರುವುದಿಲ್ಲ, ಹಾಗಾಗಿ ಬ್ಯಾಟರಿ ದೀಪ ಇಟ್ಟುಕೊಂಡಿದ್ದೇನೆ. ಕಪ್ಪು ಕಾಗದದ ಮೇಲೆ ಚಿಟಿಕೆ ಪುಡಿ ಉದುರಿಸಿ, ಸ್ಟೀರಿಯೋ ಮೈಕ್ರೋಸ್ಕೋಪಿನ ಕೆಳಗೆ, 000 ನಂಬರಿನ ಸಣ್ಣ ಬ್ರಷ್ಷಿನ ಒದ್ದೆ ತುದಿಯಿಂದ ಒಂದೊಂದೇ ಎತ್ತುತ್ತೇನೆ. ಪ್ರತಿಯೊಂದನ್ನೂ ಮೂರು ಕಡೆಯಿಂದ ನೋಡಲೇಬೇಕು: ಮೇಲಿಂದ, ಕೆಳಗಿಂದ, ಅಂಚಿನಿಂದ. ಏಣು ಕಾಣುವುದು ಅಂಚಿನಿಂದ, ಬಾಯಿ ಕಾಣುವುದು ಕೆಳಗಿಂದ. ಕೋಣೆಗಳ ನಡುವಿನ ಗೆರೆ ಮಸುಕಾಗಿದ್ದರೆ ಒಂದು ಹನಿ ನೀರು ಸಾಕು, ಎದ್ದು ಕಾಣುತ್ತದೆ. ಗುಂಡನೆಯ ಕೋಣೆ, ಏಣಿಲ್ಲ ಅಂದರೆ ಹೆಡ್ಬರ್ಗೆಲ್ಲ ಇರಬಹುದು. ಜಡೆ ಹೆಣೆದ ಹಾಗೆ ಎರಡು ಸಾಲಾಗಿ ಕೋಣೆಗಳಿದ್ದರೆ ಹೆಟರೋಹೆಲಿಕ್ಸ್ ಕಡೆ ಹುಡುಕುತ್ತೇನೆ. ಕೋಣೆಗಳೇ ಇಲ್ಲದ, ಅವರೆಕಾಳಿನಂಥದ್ದು ಸಿಕ್ಕರೆ ಅದು ಆಸ್ಟ್ರಕೋಡ್, ಸೀಗಡಿಯ ದೂರದ ನೆಂಟ. ನಾನು ಕುಲದ ಹೆಸರಿಗೆ ನಿಲ್ಲಿಸುತ್ತೇನೆ. ಪ್ರಭೇದ ಹೇಳಲು ಮೈಸೂರಿನಲ್ಲಿ ಭೂವಿಜ್ಞಾನ ಕಲಿಸಿದ ಹಿರಿಯರೊಬ್ಬರಿದ್ದಾರೆ, ಅವರಿಗೆ ತೋರಿಸುತ್ತೇನೆ.

ಕೊಡಗಿನಲ್ಲಿ ದೊಡ್ಡ ಶತ್ರು ಬೂಷ್ಟು. ಸ್ಲೈಡಿಗೆ ಅಂಟಿಸುವ ಗೋಂದೇ ಅದಕ್ಕೆ ಊಟ. ಗೋಂದಿಗೆ ಒಂದು ಹನಿ ಲವಂಗದ ಎಣ್ಣೆ ಹಾಕುತ್ತೇನೆ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡುತ್ತೇನೆ. ಆಗಸ್ಟ್‌ನಲ್ಲಿ ಅದನ್ನು ವಾರಕ್ಕೊಮ್ಮೆ ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸಬೇಕಾಗುತ್ತದೆ.

ಈ ಮಳೆಗಾಲಕ್ಕೆ ಹನ್ನೊಂದು ಕವರ್ ತೊಳೆದಿಟ್ಟಿದ್ದೆ. ಏಳು ಮುಗಿದಿವೆ. ನಿನ್ನೆ ಬಿಚ್ಚಿದ ಎಂಟನೆಯದರಲ್ಲಿ ತೇಲುವ ಜಾತಿಗಳೇ ಜಾಸ್ತಿ ಇವೆ, ತಳದಲ್ಲಿ ಬದುಕುವವು ಕಡಿಮೆ. ಆ ಪದರ ಕೂರುವಾಗ ಅಲ್ಲಿ ಸಮುದ್ರ ಇನ್ನೂ ಆಳವಾಗಿತ್ತೇನೋ. ಒಂಬತ್ತನೆಯದು ಅದಕ್ಕಿಂತ ಮೂರು ಅಡಿ ಮೇಲಿನದು. ಇವತ್ತು ರಾತ್ರಿ ಅದನ್ನು ನೋಡಬೇಕು.