ರಟ್ಟಿನ ಕೈಯಲ್ಲಿ ಕಾಫಿ ಹಣ್ಣು ಹಿಡಿಯುವ ಆಟ

ಬಲಗೈಯ ಮೊಣಕೈ ಕೆಳಗೆ ಎಡಗೈಯಿಂದ ಒತ್ತಿ ಹಿಡಿಯಿರಿ. ಈಗ ಬಲಗೈ ಬೆರಳು ಒಂದೊಂದಾಗಿ ಮಡಚಿ. ಒಳಗೆ ಏನೋ ಸರಿದಂತಾಗುತ್ತದೆ, ಅಲ್ವಾ? ಬೆರಳನ್ನು ಎಳೆಯುವ ದೊಡ್ಡ ಸ್ನಾಯುಗಳು ಇರುವುದು ಅಲ್ಲೇ. ಅಲ್ಲಿಂದ ಬೆರಳಿನವರೆಗೆ ಹಗ್ಗದಂತೆ ಸ್ನಾಯುರಜ್ಜು ಹೋಗಿರುತ್ತದೆ. ಆರು, ಏಳನೇ ಕ್ಲಾಸಿನ ಮಕ್ಕಳಿಗೆ ಬಯೋ ಎಂಜಿನಿಯರಿಂಗ್, ಅಂದರೆ ದೇಹ ಕೆಲಸ ಮಾಡುವ ಬಗೆ ನೋಡಿ ಅದಕ್ಕೆ ನೆರವಾಗುವ ಸಾಧನ ಮಾಡುವ ವಿದ್ಯೆ, ಕಲಿಸುವುದನ್ನು ನಾನಂತೂ ಇಲ್ಲಿಂದಲೇ ಶುರು ಮಾಡುತ್ತೇನೆ.

ನಾಲ್ಕು ಮಕ್ಕಳಿಗೆ ಒಂದು ರಟ್ಟು, ಸ್ಟ್ರಾ, ಗಟ್ಟಿ ದಾರ, ಕತ್ತರಿ, ಟೇಪು ಸಾಕು. ರಟ್ಟಿನ ಮೇಲೆ ಕೈ ಇಟ್ಟು ಗೆರೆ ಎಳೆದು ಕತ್ತರಿಸಲಿ. ಗೆಣ್ಣು ಇರುವ ಕಡೆ ಮಡಚಲಿ. ಹೆಬ್ಬೆರಳಿಗೆ ಎರಡು ಮೂಳೆ, ಉಳಿದವಕ್ಕೆ ಮೂರು ಮೂರು, ಒಟ್ಟು 14, ತಮ್ಮ ಕೈಯಲ್ಲೇ ಎಣಿಸಿ ನೋಡಲಿ. ಒಂದೊಂದು ಮೂಳೆಯ ಜಾಗಕ್ಕೂ ಸಣ್ಣ ಸ್ಟ್ರಾ ತುಂಡು ಅಂಟಿಸಿ, ದಾರ ಪೋಣಿಸಿ, ಬೆರಳ ತುದಿಗೆ ಟೇಪು ಹಾಕಿ, ಇನ್ನೊಂದು ಕೊನೆಯನ್ನು ಮಣಿಕಟ್ಟಿನ ಕಡೆ ಬಿಡಿ. ಎಳೆದರೆ ಬೆರಳು ಮಡಚುತ್ತದೆ. ಗೆಣ್ಣಿನ ಹತ್ತಿರ ಸ್ಟ್ರಾಗಳ ನಡುವೆ ಜಾಗ ಬಿಡದಿದ್ದರೆ ಮಾತ್ರ ಬಗ್ಗುವುದಿಲ್ಲ.

ಈಗ ಆಟ. ತಟ್ಟೆಯಲ್ಲಿ ಕಾಫಿ ಹಣ್ಣು ಹಾಕಿ. ಕೊಯ್ಲಿನ ಕಾಲದಲ್ಲಿ ನಮ್ಮ ಚಿಕ್ಕಮಗಳೂರಿನಲ್ಲಿ ಅದಕ್ಕೇನು ಬರ! ಮಕ್ಕಳು ರಟ್ಟಿನ ಕೈಯಿಂದ ಹಣ್ಣು ಹಿಡಿದು ಬಟ್ಟಲಿಗೆ ಹಾಕಲಿ. ಒಂದು ನಿಮಿಷದಲ್ಲಿ ಎಷ್ಟು ಬಿತ್ತು, ಬರೆದುಕೊಳ್ಳಿ. ಮೊದಲ ಸುತ್ತಿನಲ್ಲಿ ಜಾಸ್ತಿ ಬೀಳುವುದಿಲ್ಲ, ಯಾಕೆಂದರೆ ರಟ್ಟಿನ ಹೆಬ್ಬೆರಳು ಉಳಿದ ಬೆರಳಿಗೆ ಎದುರಾಗಿ ಇರುವುದಿಲ್ಲ. ಇದನ್ನು ನೀವು ಹೇಳಬೇಡಿ, ದಯವಿಟ್ಟು. ತಮ್ಮ ಕೈ ನೋಡಿಕೊಂಡು ಅವರೇ ಕಂಡುಹಿಡಿಯಲಿ. ಆಮೇಲೆ ಹೆಬ್ಬೆರಳು ತಿರುಗಿಸುತ್ತಾರೆ, ಜಾರದಂತೆ ತುದಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತಾರೆ. ಒಂದು ಸುತ್ತಿಗೆ ಒಂದೇ ಬದಲಾವಣೆ. ಇದು ಕಟ್ಟುನಿಟ್ಟು. ಇಲ್ಲದಿದ್ದರೆ ಯಾವುದರಿಂದ ಅಂಕ ಏರಿತು ಅಂತ ಗೊತ್ತಾಗುವುದಿಲ್ಲ.

ಕೊನೆಗೆ ಚೀಟಿ ಎತ್ತಿಸಿ. ಕಾಫಿ ಕೊಯ್ಯುವ ಅಕ್ಕ, ಹಾಲು ಕರೆಯುವ ಅಜ್ಜ, ಪರೀಕ್ಷೆ ಬರೆಯುವ ಹುಡುಗಿ. ಕೃತಕ ಕೈ ಬೇಕಾಗಿರುವುದು ಇವರಿಗೆ. ಚೀಟಿಯಲ್ಲಿ ಬಂದವರಿಗೆ ಹೊಂದುವಂತೆ ಗುಂಪು ತನ್ನ ಕೈ ಬದಲಿಸಲಿ. ಆಗ ಜೈಪುರ ಕಾಲು ಎಂಬ ಕೃತಕ ಪಾದದ ಕಥೆ ಹೇಳಿ. ಅದಕ್ಕೂ ಮೊದಲಿದ್ದ, ಬೂಟಿನೊಳಗೆ ಇಡುವಂಥ ಗಟ್ಟಿ ಕೃತಕ ಪಾದದಲ್ಲಿ ಚಕ್ಕಳಮಕ್ಕಳ ಕೂರಲು ಆಗುತ್ತಿರಲಿಲ್ಲ, ಕೆಸರು ಗದ್ದೆಗೆ ಇಳಿಯಲೂ ಕಷ್ಟ. ಕುಶಲಕರ್ಮಿ ರಾಮಚಂದ್ರ ಶರ್ಮ, ಡಾಕ್ಟರ್ ಪಿ.ಕೆ. ಸೇಥಿ ಸೇರಿ 1968ರಲ್ಲಿ ಬರಿಗಾಲಲ್ಲೇ ನಡೆಯಬಹುದಾದ ರಬ್ಬರ್ ಪಾದ ಮಾಡಿದರು. ಹಾಕಿಕೊಳ್ಳುವವರ ದಿನ ಹೇಗಿರುತ್ತದೆ ಅಂತ ನೋಡಿ ಮಾಡಿದ್ದು ಅದು.

ಅಕ್ಕನಿಗೆ ಮಾಡಿದ ಕೈಗೆ ಹಣ್ಣಿರುವ ಕಾಫಿ ರೆಂಬೆ ಕೊಡಿ, ಹುಡುಗಿಯದಕ್ಕೆ ಪೆನ್ಸಿಲ್. ಅಜ್ಜನ ಕೈ ಹಿಂಡಿ ನೋಡಲು, ಕೆಚ್ಚಲಿನ ಹಾಗೆ, ನೀರು ತುಂಬಿ ಬೆರಳಿಗೆ ಸೂಜಿಯಿಂದ ತೂತು ಮಾಡಿದ ರಬ್ಬರ್ ಗ್ಲೌಸ್ ನೇತುಹಾಕಿ. ಕೆಳಗೆ ಒಂದು ಲೋಟ ಇಡಿ.